ಮಂಗಳ ಹಾಡದೆ ನಿಂತ ಆಟ: ‘ಫೆಂಟಾಸ್ಟಿಕ್ ಬೀಸ್ಟ್ಸ್’ ಚಿತ್ರಸರಣಿ ಮುಂದುವರಿಯಬೇಕೇ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ನಮ್ಮದೊಂದು ಚಿಕ್ಕ ಬಳಗವಿದೆ. ತಿಂಗಳಿಗೊಮ್ಮೆ ಯಾರದಾದರೂ ಮನೆಯ ಜಗಲಿಯಲ್ಲಿ ಸೇರಿ, ಓದಿದ ಪುಸ್ತಕಗಳ ಬಗ್ಗೆ, ನೋಡಿದ ಚಿತ್ರಗಳ ಬಗ್ಗೆ ಮಾತನಾಡುತ್ತೇವೆ. ಸಿದ್ದಾಪುರ, ಯಲ್ಲಾಪುರಗಳಿಂದ ಬರುವವರಿದ್ದಾರೆ. ರಜೆಯಿದ್ದಾಗ ಕುಮಟಾ, ಕಾರವಾರಗಳಿಂದ ಘಟ್ಟ ಹತ್ತಿ ಬರುವವರೂ ಇದ್ದಾರೆ. ಮಾತು ಎಲ್ಲಿಂದ ಶುರುವಾದರೂ ಕಷಾಯದ ಲೋಟ ಖಾಲಿಯಾಗುವ ಹೊತ್ತಿಗೆ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ: ಮೂರು ಚಿತ್ರಗಳ ನಂತರ ನಿಂತುಹೋದ ‘ಫೆಂಟಾಸ್ಟಿಕ್ ಬೀಸ್ಟ್ಸ್’ ಸರಣಿಯನ್ನು ಮುಂದುವರಿಸಬೇಕೇ, ಅಲ್ಲಿಗೇ ಬಿಡಬೇಕೇ? ಅಲ್ಲಿ ಮತ್ತೆ ಮತ್ತೆ ಎದ್ದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಉತ್ತರಿಸಲು ಇಲ್ಲಿ ಪ್ರಯತ್ನಿಸಿದ್ದೇನೆ. ಉತ್ತರಗಳು ನನ್ನವು, ಬಳಗದವರೆಲ್ಲ ಇವನ್ನು ಒಪ್ಪಿದ್ದಾರೆ ಎಂದು ತಿಳಿಯಬಾರದು. ಮೂರೂ ಚಿತ್ರಗಳ ಕಥೆಯನ್ನು ಬಿಡಿಸಿ ಹೇಳಿರುವುದರಿಂದ, ನೋಡದವರು ನೋಡಿಕೊಂಡು ಬಂದು ಓದುವುದು ಒಳ್ಳೆಯದು.

ಈ ಸರಣಿ ಯಾವುದು, ಈಗ ಎಲ್ಲಿಗೆ ಬಂದು ನಿಂತಿದೆ?

ಹ್ಯಾರಿ ಪಾಟರ್ ಕಥೆಗಳ ಮಾಂತ್ರಿಕ ಲೋಕದಲ್ಲಿಯೇ, ಹ್ಯಾರಿ ಹುಟ್ಟುವುದಕ್ಕೆ ಅರ್ಧ ಶತಮಾನ ಮೊದಲು ನಡೆಯುವ ಕಥೆ ಇದು. 2001ರಲ್ಲಿ ಜೆ.ಕೆ. ರೌಲಿಂಗ್ ಅವರು ದತ್ತಿಕಾರ್ಯವೊಂದರ ಸಹಾಯಾರ್ಥವಾಗಿ ಇದೇ ಹೆಸರಿನ ತೆಳುವಾದ ಪುಸ್ತಕವೊಂದನ್ನು ಬರೆದಿದ್ದರು. ನ್ಯೂಟ್ ಸ್ಕಮ್ಯಾಂಡರ್ ಎಂಬ ಪ್ರಾಣಿತಜ್ಞ ಬರೆದ ಪಠ್ಯಪುಸ್ತಕ ಎಂಬ ಕಲ್ಪನೆಯಲ್ಲಿ ಮಾಂತ್ರಿಕ ಪ್ರಾಣಿಗಳ ವಿವರಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದ ಪುಸ್ತಕ ಅದು. ಅದರಲ್ಲಿ ಕಥೆ ಎಂಬುದು ಇರಲಿಲ್ಲ. ಆ ನ್ಯೂಟ್‌ನನ್ನೇ ನಾಯಕನನ್ನಾಗಿ ಮಾಡಿ 2016, 2018 ಮತ್ತು 2022ರಲ್ಲಿ ಮೂರು ಚಿತ್ರಗಳು ಬಂದವು. ಮೂರನ್ನೂ ಡೇವಿಡ್ ಯೇಟ್ಸ್ ಅವರೇ ನಿರ್ದೇಶಿಸಿದರು. ಮೊದಲನೆಯದು 1926ರ ನ್ಯೂಯಾರ್ಕ್‌ನಲ್ಲಿ, ಎರಡನೆಯದು 1927ರ ಪ್ಯಾರಿಸ್‌ನಲ್ಲಿ, ಮೂರನೆಯದು 1930ರ ದಶಕದ ಬರ್ಲಿನ್ ಮತ್ತು ಭೂತಾನ್‌ಗಳಲ್ಲಿ ನಡೆಯುತ್ತದೆ.

ಒಟ್ಟು ಐದು ಚಿತ್ರಗಳು ಬರಲಿವೆ ಎಂದು ರೌಲಿಂಗ್ ಅವರು 2016ರ ಅಕ್ಟೋಬರ್‌ನಲ್ಲಿ, ಅಂದರೆ ಮೊದಲ ಚಿತ್ರ ಬಿಡುಗಡೆಯಾಗುವ ಮೊದಲೇ, ತಿಳಿಸಿದ್ದರು. ಮೂರನೆಯದರ ನಂತರ ನಾಲ್ಕನೆಯದರ ಕೆಲಸ ಆರಂಭವಾಗಲೇ ಇಲ್ಲ. ಸರಣಿಯನ್ನು ಸದ್ಯಕ್ಕೆ ಬದಿಗಿಡಲಾಗಿದೆ ಎಂಬ ಅರ್ಥದ ಮಾತನ್ನು ಯೇಟ್ಸ್ ಅವರೇ 2023ರಲ್ಲಿ ಆಡಿದರು. ಮುಗಿಯಿತು ಎಂದೂ ಯಾರೂ ಹೇಳಿಲ್ಲ, ಮುಂದುವರಿಯುತ್ತದೆ ಎಂದೂ ಯಾರೂ ಹೇಳಿಲ್ಲ. ನಮ್ಮ ಚರ್ಚೆ ಇಷ್ಟು ದೀರ್ಘವಾಗಲು ಇದೇ ಕಾರಣ.

ಕೊನೆ ಏನೆಂದು ಗೊತ್ತಿರುವ ಕಥೆಯನ್ನು ಮುಂದುವರಿಸಿ ಪ್ರಯೋಜನವೇನು?

ಸರಣಿ ನಿಂತದ್ದೇ ಒಳ್ಳೆಯದಾಯಿತು ಎನ್ನುವವರ ಮುಖ್ಯ ವಾದ ಇದು, ಮತ್ತು ಇದು ಹಗುರವಾದ ವಾದವಲ್ಲ. ಮುಂದೆ ಹ್ಯಾರಿಯ ಶಾಲೆಯ ಮುಖ್ಯೋಪಾಧ್ಯಾಯರಾಗುವ ಡಂಬಲ್‌ಡೋರ್ ಮತ್ತು ಅವರ ಹಳೆಯ ಗೆಳೆಯನೂ ದುಷ್ಟ ಮಾಂತ್ರಿಕನೂ ಆದ ಗ್ರಿಂಡೆಲ್‌ವಾಲ್ಡ್ ನಡುವೆ 1945ರಲ್ಲಿ ದ್ವಂದ್ವಯುದ್ಧ ನಡೆದು ಡಂಬಲ್‌ಡೋರ್ ಗೆದ್ದರು ಎಂಬುದು ಹ್ಯಾರಿ ಪಾಟರ್‌ನ ಮೊದಲ ಪುಸ್ತಕದಲ್ಲಿಯೇ, ಚಾಕೊಲೇಟಿನ ಜೊತೆ ಸಿಗುವ ಒಂದು ಚೀಟಿಯ ಮೇಲೆ, ಬರೆದುಹೋಗಿದೆ. ಸೋತವನು ತಾನೇ ಕಟ್ಟಿಸಿದ ಸೆರೆಮನೆಯಲ್ಲಿ ಮುದುಕನಾದದ್ದನ್ನು ಕೊನೆಯ ಪುಸ್ತಕದಲ್ಲಿ ಓದಿದ್ದೇವೆ. ನ್ಯೂಟ್ ಬದುಕುಳಿಯುತ್ತಾನೆ, ಮೊದಲ ಚಿತ್ರದಲ್ಲಿ ಭೇಟಿಯಾದ ಟೀನಾಳನ್ನು ಮದುವೆಯಾಗುತ್ತಾನೆ ಎಂಬುದೂ ಗೊತ್ತು. ಹಾಗಿರುವಾಗ ಕುತೂಹಲಕ್ಕೆ ಏನು ಉಳಿಯಿತು ಎಂದು ಅವರು ಕೇಳುತ್ತಾರೆ.

ಆದರೆ ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯಲ್ಲಿ ಕುಳಿತು ಕೇಳುವಾಗ ನನಗೆ ಆಶ್ಚರ್ಯವಾಗುತ್ತದೆ. ನಾನು ಚಿಕ್ಕವಳಿದ್ದಾಗ ಅಪ್ಪಯ್ಯನ ಜೊತೆ ಕಂಬಳಿ ಹೊದ್ದು ಗದಾಯುದ್ಧದ ಬಯಲಾಟ ನೋಡಿದ್ದೆ. ಕೌರವ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ, ಭೀಮನ ಮೂದಲಿಕೆ ತಾಳಲಾರದೆ ಮೇಲೆ ಬರುತ್ತಾನೆ, ಕೊನೆಗೆ ತೊಡೆ ಮುರಿಯುತ್ತದೆ ಎಂಬುದು ಅಲ್ಲಿ ನಿದ್ದೆಗಣ್ಣಿನಲ್ಲಿದ್ದ ಮಕ್ಕಳಿಗೂ ಗೊತ್ತಿತ್ತು. ಆದರೂ ಚಂಡೆಯ ಸದ್ದು ಏರಿದಾಗ ಒಬ್ಬರೂ ಎದ್ದು ಹೋಗಲಿಲ್ಲ. ಈ ಭಾಗವತರು ಆ ಪದ್ಯವನ್ನು ಹೇಗೆ ಎತ್ತಿಕೊಳ್ಳುತ್ತಾರೆ, ಈ ಕೌರವ ತನ್ನ ಸೋಲನ್ನು ಯಾವ ಘನತೆಯಿಂದ ಹೊರುತ್ತಾನೆ ಎಂಬುದನ್ನು ನೋಡಲು ಜನ ಬಂದಿದ್ದರು. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ, ಕಥೆಯಲ್ಲಿ ಹೊಸತೂ ಇಲ್ಲ. ಕೃಷ್ಣ ಸಂಧಾನಕ್ಕೆ ಹೋಗಿ ಬರಿಗೈಯಲ್ಲಿ ಮರಳುತ್ತಾನೆ ಎಂದು ತಿಳಿದೇ ಜನ ಮೂರು ನಾಲ್ಕು ತಾಸು ಅರ್ಥಗಾರಿಕೆ ಕೇಳುತ್ತಾರೆ.

ಆದುದರಿಂದ ಕೊನೆ ಗೊತ್ತಿದೆ ಎಂಬುದನ್ನು ಕಾರಣವಾಗಿ ನಾನು ಒಪ್ಪುವುದಿಲ್ಲ. ಯುದ್ಧ ನಡೆಯಿತು ಎಂದಷ್ಟೇ ಪುಸ್ತಕಗಳು ಹೇಳಿವೆ. ಹದಿಹರೆಯದಲ್ಲಿ ಪ್ರೀತಿಸಿದವನ ಎದುರು ಒಬ್ಬ ಮನುಷ್ಯ ಮಂತ್ರದಂಡ ಎತ್ತಿದ ಆ ಗಳಿಗೆಯಲ್ಲಿ ಅವನ ಮುಖ ಹೇಗಿತ್ತು ಎಂಬುದನ್ನು ಅವು ಹೇಳಿಲ್ಲ. ಡಂಬಲ್‌ಡೋರ್ ಪಾತ್ರ ಮಾಡಿದ ಜೂಡ್ ಲಾ ಅವರು ಎರಡು ಚಿತ್ರಗಳಲ್ಲಿ ಆ ಮುಖವನ್ನು ನಿಧಾನವಾಗಿ ಕಟ್ಟಿಕೊಟ್ಟಿದ್ದಾರೆ. ಅದು ತಲುಪಬೇಕಾಗಿದ್ದ ಜಾಗಕ್ಕೆ ಇನ್ನೂ ತಲುಪಿಲ್ಲ.

ಜನರೇ ನೋಡಲಿಲ್ಲ ಎಂದ ಮೇಲೆ ನಿರ್ಮಾಪಕರನ್ನು ದೂರುವುದು ಸರಿಯೇ?

ದೂರುವುದು ಸರಿಯಲ್ಲ. ಮೊದಲ ಚಿತ್ರ ಜಗತ್ತಿನಾದ್ಯಂತ ಸುಮಾರು 81 ಕೋಟಿ ಡಾಲರ್ ಗಳಿಸಿತು, ಎರಡನೆಯದು ಸುಮಾರು 65 ಕೋಟಿ, ಮೂರನೆಯದು ಸುಮಾರು 40 ಕೋಟಿ. ಮೂರನೆಯದರ ತಯಾರಿಕೆಗೇ 20 ಕೋಟಿ ಡಾಲರ್‌ನಷ್ಟು ಖರ್ಚಾಗಿತ್ತು. ಟಿಕೆಟ್ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಚಿತ್ರಮಂದಿರದವರ ಪಾಲಾಗುತ್ತದೆ, ಪ್ರಚಾರದ ಖರ್ಚು ಬೇರೆಯೇ ಇರುತ್ತದೆ. ಈ ಲೆಕ್ಕದಲ್ಲಿ ಮೂರನೆಯ ಚಿತ್ರದಿಂದ ಕೈಗೆ ಏನೂ ಉಳಿದಿರಲಾರದು. 2011ರಲ್ಲಿ ಬಂದ ಹ್ಯಾರಿ ಪಾಟರ್‌ನ ಕೊನೆಯ ಚಿತ್ರ 130 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತ್ತು ಎಂಬುದನ್ನು ನೆನೆದರೆ ಇಳಿತ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ನಮ್ಮ ಕಡೆಯ ಅನುಭವಕ್ಕೆ ಬೇರೆ ಕಾರಣಗಳೂ ಇದ್ದವು. ಇಂತಹ ಚಿತ್ರವನ್ನು ದೊಡ್ಡ ಪರದೆಯಲ್ಲಿ ನೋಡಲು ಶಿರಸಿಯವರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಬೇಕು. ಮೊದಲೆರಡು ಚಿತ್ರಗಳು ನವೆಂಬರ್‌ನಲ್ಲಿ, ಅಡಿಕೆಯ ಕೊನೆಕೊಯ್ಲು ಶುರುವಾಗುವ ದಿನಗಳಲ್ಲಿ ಬಂದವು. 2016ರಲ್ಲಿ ನೋಟು ರದ್ದಾಗಿ ವಾರ ಕಳೆಯುವುದರೊಳಗೆ ನಮ್ಮ ಕೈಯಲ್ಲಿ ಬಸ್ಸಿಗೂ ಚಿಲ್ಲರೆ ಇರಲಿಲ್ಲ. ಮೂರನೆಯದು 2022ರ ಏಪ್ರಿಲ್‌ನಲ್ಲಿ, ಮಾರಿಕಾಂಬಾ ಜಾತ್ರೆ ಮುಗಿದ ಮರು ತಿಂಗಳು ಬಂದಿತು. ಅದೇ ತಿಂಗಳ 14ರಂದು ‘ಕೆ.ಜಿ.ಎಫ್: ಚಾಪ್ಟರ್ 2’ ತೆರೆ ಕಂಡಾಗ ಊರೆಲ್ಲ ಅತ್ತ ಹೊರಳಿತು. ಆದರೆ ಇವು ನಮ್ಮೂರಿನ ಕಾರಣಗಳು ಮಾತ್ರ. ಜಗತ್ತಿನ ಬೇರೆಡೆಯ ಪ್ರೇಕ್ಷಕರು ಎರಡನೆಯ ಚಿತ್ರ ನೋಡಿ ಮೂರನೆಯದಕ್ಕೆ ಬಾರದೆ ಉಳಿದರೆ, ತಪ್ಪನ್ನು ಎರಡನೆಯ ಚಿತ್ರದಲ್ಲಿಯೇ ಹುಡುಕಬೇಕಾಗುತ್ತದೆ.

ಹಾಗಾದರೆ ತಪ್ಪು ಎಲ್ಲಿ ಆಯಿತು?

ಮೊದಲ ಚಿತ್ರವನ್ನು ನಾವು ಏಕೆ ಪ್ರೀತಿಸಿದೆವು ಎಂಬುದರಲ್ಲಿ ಇದರ ಉತ್ತರವಿದೆ. ಅದರ ನಾಯಕ ವೀರನಲ್ಲ. ಜನರ ಕಣ್ಣಿಗೆ ಕಣ್ಣಿಟ್ಟು ಮಾತನಾಡಲಾರದ, ಪ್ರಾಣಿಗಳ ಮುಂದೆ ಮಾತ್ರ ಮೈಬಿಚ್ಚುವ ಮನುಷ್ಯ. ಎಡ್ಡಿ ರೆಡ್‌ಮೇನ್ ಅವರು ನ್ಯೂಟ್‌ನನ್ನು ಸ್ವಲ್ಪ ಬಾಗಿದ ಕತ್ತು ಮತ್ತು ಓರೆನೋಟದಲ್ಲಿ ರೂಪಿಸಿದ ರೀತಿ ಅಪರೂಪದ್ದು. ಅವನ ಪೆಟ್ಟಿಗೆಯೊಳಗೆ ಒಂದು ಕಾಡೇ ಇದೆ. ಜನ ಹೆದರಿ ಕೊಲ್ಲಲು ಹೊರಟ ಪ್ರಾಣಿಗಳಿಗೆ ಅವನು ಅಲ್ಲಿ ಆಸರೆ ಕೊಟ್ಟಿದ್ದಾನೆ. ಸಿಂಗಳೀಕಗಳಿರುವ ಅಘನಾಶಿನಿಯ ಕಣಿವೆ, ಮಂಗಟ್ಟೆ ಹಕ್ಕಿಯ ರೆಕ್ಕೆಸದ್ದು ಕೇಳುವ ದಾಂಡೇಲಿಯ ಕಾಡು, ಮುಟ್ಟಿದರೆ ಉಂಡೆಯಾಗುವ ಚಿಪ್ಪುಹಂದಿ, ಇವುಗಳ ನೆರೆಯಲ್ಲಿ ಬೆಳೆದ ನಮಗೆ ನ್ಯೂಟ್‌ನನ್ನು ಯಾರೂ ಪರಿಚಯಿಸಿಕೊಡಬೇಕಾಗಿರಲಿಲ್ಲ. ತೋಟಕ್ಕೆ ಬಂದ ಕೆಂಜಳಿಲನ್ನು ಓಡಿಸಬೇಕೋ ನೋಡುತ್ತ ನಿಲ್ಲಬೇಕೋ ಎಂದು ತಿಳಿಯದೆ ನಿಂತವರೆಲ್ಲ ಅವನ ಬಂಧುಗಳೇ. ಕಾಲೀನ್ ಆಟ್‌ವುಡ್ ಅವರ ವಸ್ತ್ರವಿನ್ಯಾಸಕ್ಕಾಗಿ ಈ ಚಿತ್ರಕ್ಕೆ ಆಸ್ಕರ್ ಬಂದಿತು. ಎಂಟು ಹ್ಯಾರಿ ಪಾಟರ್ ಚಿತ್ರಗಳಲ್ಲಿ ಒಂದಕ್ಕೂ ದೊರೆಯದಿದ್ದ ಪ್ರಶಸ್ತಿ ಅದು.

ಎರಡನೆಯ ಚಿತ್ರ ಈ ಮನುಷ್ಯನನ್ನು ರಂಗದ ಅಂಚಿಗೆ ಸರಿಸಿತು. ಡಂಬಲ್‌ಡೋರ್ ಮತ್ತು ಗ್ರಿಂಡೆಲ್‌ವಾಲ್ಡ್ ನಡುವಿನ ಹಳೆಯ ಗಾಯದ ಕಥೆಗೆ ಅವನನ್ನು ದೂತನನ್ನಾಗಿ ಮಾಡಲಾಯಿತು. ಹೆಸರು ಪ್ರಾಣಿಗಳದ್ದು, ಕಥೆ ಇಬ್ಬರು ಮಾಂತ್ರಿಕರದ್ದು. ಒಡ್ಡೋಲಗ ಕೊಟ್ಟು ಒಬ್ಬನನ್ನು ಪ್ರವೇಶ ಮಾಡಿಸಿ, ಪದ್ಯಗಳನ್ನೆಲ್ಲ ಇನ್ನೊಬ್ಬನಿಗೆ ಹಾಡಿದಂತಾಯಿತು. ಇದರ ಮೇಲೆ ವಂಶಾವಳಿಯ ಗೋಜಲು ಬೇರೆ: ಕ್ರೀಡೆನ್ಸ್ ಎಂಬ ಅನಾಥ ಯುವಕ ಯಾರ ಮಗ ಎಂಬ ಒಂದೇ ಪ್ರಶ್ನೆಗೆ ಮೂರು ನಾಲ್ಕು ಉತ್ತರಗಳ ಸುಳಿವು ಕೊಟ್ಟು, ಕೊನೆಯ ನಿಮಿಷದಲ್ಲಿ ಅವನನ್ನು ಡಂಬಲ್‌ಡೋರ್‌ನ ತಮ್ಮನೆಂದು ಸಾರಲಾಯಿತು. ಮೂರನೆಯ ಚಿತ್ರ ಅದನ್ನು ತಿದ್ದಿ, ಅವನು ಡಂಬಲ್‌ಡೋರ್‌ನ ತಮ್ಮ ಅಬರ್‌ಫೋರ್ತ್‌ನ ಮಗ ಎಂದಿತು. ಮೊದಲೆರಡರ ಚಿತ್ರಕಥೆಯನ್ನು ರೌಲಿಂಗ್ ಒಬ್ಬರೇ ಬರೆದಿದ್ದರು. ಮೂರನೆಯದಕ್ಕೆ ಏಳು ಹ್ಯಾರಿ ಪಾಟರ್ ಚಿತ್ರಗಳನ್ನು ಬರೆದ ಸ್ಟೀವ್ ಕ್ಲೋವ್ಸ್ ಜೊತೆಗೂಡಿದರು. ಆ ಅನುಭವಿ ಕೈ ಬಂದದ್ದು ಗೊತ್ತಾಗುತ್ತದೆ. ಎಳೆಗಳು ಸ್ವಲ್ಪ ನೇರವಾದವು, ಪ್ರಾಣಿಯೊಂದು ಮತ್ತೆ ಕಥೆಯ ನಡುವಿಗೆ ಬಂದಿತು. ಶುದ್ಧ ಮನಸ್ಸಿನವರ ಮುಂದೆ ಮಾತ್ರ ಮಂಡಿಯೂರುವ ಚೀಲಿನ್ ಎಂಬ ಎಳೆಯ ಪ್ರಾಣಿ ಡಂಬಲ್‌ಡೋರ್‌ನ ಎದುರು ಬಂದು ಬಾಗಿದಾಗ ಅವನು ನಾಚಿ ಹಿಂಜರಿಯುವ ದೃಶ್ಯ, ನನ್ನ ಅಭಿಪ್ರಾಯದಲ್ಲಿ, ಇಡೀ ಸರಣಿಯ ಅತ್ಯುತ್ತಮ ಗಳಿಗೆ. ಸರಣಿ ದಾರಿಗೆ ಮರಳುತ್ತಿತ್ತು. ಮರಳುತ್ತಿದ್ದಾಗಲೇ ನಿಂತಿತು ಎಂಬುದು ನನ್ನ ನೋವು.

ಗ್ರಿಂಡೆಲ್‌ವಾಲ್ಡ್‌ನ ಪಾತ್ರಧಾರಿಗಳು ಬದಲಾದದ್ದೇ ಸರಣಿಯನ್ನು ಕೆಡಿಸಿತಲ್ಲವೇ?

ಮೊದಲ ಚಿತ್ರದಲ್ಲಿ ಅವನು ಮಾರುವೇಷದಲ್ಲಿದ್ದಾಗ ಕೊಲಿನ್ ಫಾರೆಲ್, ವೇಷ ಕಳಚಿದಾಗ ಮತ್ತು ಎರಡನೆಯ ಚಿತ್ರದಲ್ಲಿ ಜಾನಿ ಡೆಪ್, ಮೂರನೆಯದರಲ್ಲಿ ಮ್ಯಾಡ್ಸ್ ಮಿಕೆಲ್ಸನ್. 2020ರ ನವೆಂಬರ್‌ನಲ್ಲಿ, ಲಂಡನ್ನಿನಲ್ಲಿ ಪತ್ರಿಕೆಯೊಂದರ ವಿರುದ್ಧ ಹೂಡಿದ್ದ ಮಾನಹಾನಿ ದಾವೆಯಲ್ಲಿ ಸೋತ ಬೆನ್ನಿಗೆ, ನಿರ್ಮಾಣ ಸಂಸ್ಥೆಯ ಕೋರಿಕೆಯಂತೆ ತಾವು ಹೊರಬರುತ್ತಿರುವುದಾಗಿ ಡೆಪ್ ಅವರೇ ತಿಳಿಸಿದರು. ಅದೇ ತಿಂಗಳು ಮಿಕೆಲ್ಸನ್ ಆಯ್ಕೆಯಾದರು.

ಯಕ್ಷಗಾನದಲ್ಲಿ ಒಂದೇ ರಾತ್ರಿಯ ಆಟದಲ್ಲಿ ಒಂದೇ ಪಾತ್ರವನ್ನು ಪೂರ್ವಾರ್ಧದಲ್ಲಿ ಒಬ್ಬರು, ಉತ್ತರಾರ್ಧದಲ್ಲಿ ಇನ್ನೊಬ್ಬರು ನಿರ್ವಹಿಸುವುದುಂಟು. ಪ್ರೇಕ್ಷಕರಿಗೆ ಅದರಿಂದ ತೊಡಕಾಗುವುದಿಲ್ಲ, ಏಕೆಂದರೆ ಕಿರೀಟವೂ ಮುಖವರ್ಣಿಕೆಯೂ ಪಾತ್ರವನ್ನು ಹಿಡಿದಿಟ್ಟಿರುತ್ತವೆ. ಇಲ್ಲಿ ತೊಡಕಾದದ್ದು ಅಂತಹ ಗುರುತು ಯಾವುದನ್ನೂ ಉಳಿಸಿಕೊಳ್ಳದೆ ಹೋದದ್ದರಿಂದ. ಡೆಪ್ ಅವರ ಬಿಳಿಗೂದಲಿನ, ಒಂದು ಕಣ್ಣು ಮಸುಕಾದ ವಿಲಕ್ಷಣ ಮನುಷ್ಯ ಮರೆಯಾಗಿ, ಮಿಕೆಲ್ಸನ್ ಅವರ ತಣ್ಣನೆಯ, ಸಭ್ಯ ರಾಜಕಾರಣಿ ಬಂದ. ಎರಡನೆಯ ರೂಪವೇ ಈ ಕಥೆಗೆ ಹೆಚ್ಚು ಒಪ್ಪುತ್ತದೆ ಎಂದು ನನಗನಿಸುತ್ತದೆ, ಏಕೆಂದರೆ ಡಂಬಲ್‌ಡೋರ್‌ನಂತಹವನು ಪ್ರೀತಿಸಬಹುದಾದ ಮನುಷ್ಯ ಅಲ್ಲಿ ಕಾಣುತ್ತಾನೆ. ನಮ್ಮ ಬಳಗದ ಅರ್ಧದಷ್ಟು ಜನ ಇದನ್ನು ಒಪ್ಪುವುದಿಲ್ಲ.

ಹಳೆಯ ಪುಸ್ತಕಗಳಿಗೆ ವಿರುದ್ಧವಾದ ಸಂಗತಿಗಳನ್ನು ಏನು ಮಾಡುವುದು?

ಇದ್ದದ್ದನ್ನು ಇದ್ದಂತೆ ಒಪ್ಪಿಕೊಳ್ಳಬೇಕು. ಹ್ಯಾರಿಯ ಶಾಲೆಯ ಅಧ್ಯಾಪಕಿ ಪ್ರೊಫೆಸರ್ ಮ್ಯಾಕ್‌ಗೊನಗಲ್ ಅವರು ಐದನೆಯ ಪುಸ್ತಕದಲ್ಲಿ, ಅಂದರೆ 1995ರಲ್ಲಿ, ಬರುವ ಡಿಸೆಂಬರ್‌ಗೆ ತಾನು ಪಾಠ ಹೇಳಲು ಆರಂಭಿಸಿ 39 ವರ್ಷವಾಗುತ್ತದೆ ಎನ್ನುತ್ತಾರೆ. ಅಂದರೆ ಅವರು ಸೇರಿದ್ದು 1956ರಲ್ಲಿ. ಎರಡನೆಯ ಚಿತ್ರದಲ್ಲಿ ಅವರು 1927ರಲ್ಲಿಯೇ ಶಾಲೆಯ ಮೊಗಸಾಲೆಯಲ್ಲಿ ಓಡಾಡುತ್ತಾರೆ. ಇದಕ್ಕೆ ಸಮಾಧಾನ ಹುಡುಕುವ ಅಭಿಮಾನಿಗಳ ಶ್ರಮ ನನಗೆ ಪ್ರಿಯವಾದದ್ದೇ, ಆದರೆ ಯಾವ ಸಮಾಧಾನವೂ ಗಟ್ಟಿಯಾಗಿ ನಿಲ್ಲುವುದಿಲ್ಲ. ಮುಂದಿನ ಚಿತ್ರ ಬಂದರೆ, ಗುರುತಿನ ಹೆಸರುಗಳನ್ನು ಚಪ್ಪಾಳೆಗಾಗಿ ತರುವ ಅಭ್ಯಾಸ ಅದರಲ್ಲಿ ಇರಕೂಡದು.

ಮೂರನೆಯ ಚಿತ್ರ ಮದುವೆಯಲ್ಲಿ ಮುಗಿಯುತ್ತದೆ. ಅದನ್ನೇ ಮುಕ್ತಾಯವೆಂದು ಏಕೆ ಒಪ್ಪಬಾರದು?

ಒಪ್ಪುವವರಿದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. ನ್ಯೂಟ್‌ನ ಗೆಳೆಯ ಜೇಕಬ್ ಮತ್ತು ಟೀನಾಳ ತಂಗಿ ಕ್ವೀನಿ ಬೇಕರಿಯಲ್ಲಿ ಮದುವೆಯಾಗುತ್ತಾರೆ, ಟೀನಾ ಬರುತ್ತಾಳೆ, ಡಂಬಲ್‌ಡೋರ್ ಹೊರಗಿನಿಂದ ನೋಡಿ ಹಿಮದಲ್ಲಿ ಒಬ್ಬನೇ ನಡೆದುಹೋಗುತ್ತಾನೆ. ಸುಂದರವಾದ ದೃಶ್ಯ. ಆದರೆ ಗ್ರಿಂಡೆಲ್‌ವಾಲ್ಡ್ ಪರ್ವತದಿಂದ ಹಾರಿ ತಪ್ಪಿಸಿಕೊಂಡಿದ್ದಾನೆ. ಅವನೂ ಡಂಬಲ್‌ಡೋರ್‌ನೂ ಪರಸ್ಪರ ಕಾದಾಡದಂತೆ ತಡೆದಿದ್ದ ರಕ್ತಪ್ರತಿಜ್ಞೆ ಈಗಷ್ಟೇ ಮುರಿದಿದೆ, ಅಂದರೆ ಯುದ್ಧಕ್ಕಿದ್ದ ಅಡ್ಡಿ ಸರಿದ ಕ್ಷಣದಲ್ಲಿಯೇ ತೆರೆ ಬಿದ್ದಿದೆ. ಎರಡನೆಯ ಚಿತ್ರದಲ್ಲಿ ಬಂದ ನಾಗಿನಿ, ಮುಂದೊಂದು ದಿನ ಶಾಶ್ವತವಾಗಿ ಹಾವಾಗಬೇಕಾದ ಹೆಣ್ಣುಮಗಳು, ಮೂರನೆಯದರಲ್ಲಿ ಕಾರಣವಿಲ್ಲದೆ ಕಾಣೆಯಾಗಿದ್ದಾಳೆ. ಅವಳಿಗೆ ಏನಾಯಿತು ಎಂದು ಒಬ್ಬ ಪಾತ್ರವೂ ಕೇಳುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಎಲ್ಡರ್ ವ್ಯಾಂಡ್ ಎಂಬ ಮಂತ್ರದಂಡದ್ದು. ಅದನ್ನು ಹಿಡಿದವನನ್ನು ದ್ವಂದ್ವದಲ್ಲಿ ಗೆಲ್ಲಲಾಗದು ಎಂಬ ಪ್ರತೀತಿಯಿದೆ. ಅದು ಇದ್ದದ್ದು ಗ್ರಿಂಡೆಲ್‌ವಾಲ್ಡ್‌ನ ಕೈಯಲ್ಲಿ. ಹಾಗಿದ್ದೂ ಡಂಬಲ್‌ಡೋರ್ ಗೆದ್ದದ್ದು ಹೇಗೆ? ಹೆಚ್ಚಿನ ವಿದ್ಯೆಯಿಂದಲೋ, ಎದುರಿದ್ದವನು ಕೊನೆಯ ಗಳಿಗೆಯಲ್ಲಿ ಕೈ ಸಡಿಲಿಸಿದ್ದರಿಂದಲೋ? ಮೊದಲನೆಯದಾದರೆ ಅದು ವೀರರಸದ ಕಥೆ. ಎರಡನೆಯದಾದರೆ ಅದು ಕರುಣರಸದ ಕಥೆ, ಮತ್ತು ಡಂಬಲ್‌ಡೋರ್ ಜೀವಮಾನವಿಡೀ ತನ್ನ ಗೆಲುವಿನ ಬಗ್ಗೆ ಏಕೆ ಮಾತನಾಡಲಿಲ್ಲ ಎಂಬುದು ಆಗ ಅರ್ಥವಾಗುತ್ತದೆ. ಬೆಳಗಿನ ಜಾವದ ಈ ಭಾಗ ಬರುವ ಮೊದಲೇ ಮಂಗಳ ಹಾಡದೆ ಆಟ ನಿಲ್ಲಿಸಿದ್ದನ್ನು ಮುಕ್ತಾಯವೆಂದು ನಾನು ಹೇಗೆ ಒಪ್ಪಲಿ?

ಉಳಿದ ಎರಡೂ ಚಿತ್ರಗಳು ಬೇಕೇ?

ಬೇಡ. ಒಂದು ಸಾಕು. ಮೂರನೆಯ ಚಿತ್ರದಿಂದ 1945ರವರೆಗೆ ಹತ್ತು ವರ್ಷಕ್ಕೂ ಹೆಚ್ಚಿನ ಅವಧಿಯಿದೆ, ಅದರೊಳಗೆ ಒಂದು ಮಹಾಯುದ್ಧವೇ ಬರುತ್ತದೆ. ಅದನ್ನು ಕ್ರಮವಾಗಿ ಹೇಳಲು ಹೊರಟರೆ ಎರಡು ಚಿತ್ರಗಳೂ ಸಾಲುವುದಿಲ್ಲ, ಮತ್ತೆ ಎರಡನೆಯ ಚಿತ್ರದ ಗೋಜಲೇ ಮರುಕಳಿಸುತ್ತದೆ.

ಇದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಒಂದು ದಾರಿಯಿದೆ. ಹತ್ತನೆಯ ಶತಮಾನದ ರನ್ನ ಮಹಾಭಾರತವನ್ನು ಮೊದಲಿನಿಂದ ಹೇಳಲು ಹೋಗಲಿಲ್ಲ. ಯುದ್ಧದ ಕೊನೆಯ ದಿನಕ್ಕೆ ಬಂದು ನಿಂತು, ಸಿಂಹ ನಡೆಯುತ್ತ ಹಿಂದಿರುಗಿ ನೋಡುವಂತೆ, ಸಿಂಹಾವಲೋಕನ ಕ್ರಮದಲ್ಲಿ ಇಡೀ ಭಾರತವನ್ನು ಗದಾಯುದ್ಧದೊಳಗೆ ತಂದ. ದುರ್ಯೋಧನ ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುವಾಗ ಎದುರಾಗುವ ಒಂದೊಂದು ಮುಖದೊಂದಿಗೆ ಹಿಂದಿನ ಕಥೆಯೂ ಎದುರಾಗುತ್ತದೆ. ಕೊನೆಯ ಚಿತ್ರವೂ 1945ರ ಆ ಬೆಳಗಿನಲ್ಲಿಯೇ ಆರಂಭವಾಗಲಿ. ಇಬ್ಬರೂ ಎದುರುಬದುರು ನಿಂತಿರಲಿ. ನಾಗಿನಿಯ ಕಥೆ, ಕ್ರೀಡೆನ್ಸ್‌ನ ಕೊನೆ, ಆ ವರ್ಷಗಳಲ್ಲಿ ನ್ಯೂಟ್ ಯಾವ ಯಾವ ಪ್ರಾಣಿಗಳನ್ನು ಯುದ್ಧದ ಬೆಂಕಿಯಿಂದ ಹೊತ್ತು ತಂದ ಎಂಬುದು, ಎಲ್ಲವೂ ನೆನಪುಗಳಾಗಿ ಬರಲಿ. ನ್ಯೂಟ್ ಅಲ್ಲಿ ಸಾಕ್ಷಿಯಾಗಿ ನಿಂತಿರಲಿ. ಇಬ್ಬರು ಬಲಶಾಲಿಗಳ ಯುದ್ಧವನ್ನು, ಬಲದಲ್ಲಿ ನಂಬಿಕೆಯೇ ಇಲ್ಲದ ಒಬ್ಬನ ಕಣ್ಣಿನಿಂದ ನಾವು ನೋಡುವಂತಾಗಲಿ. ಬರ್ಲಿನ್, ಭೂತಾನ್ ಎಂದು ಊರೂರು ಸುತ್ತಬೇಕಾಗಿಲ್ಲದ ಇಂತಹ ಚಿತ್ರಕ್ಕೆ ಖರ್ಚೂ ಕಡಿಮೆಯಾಗುತ್ತದೆ.

ಹ್ಯಾರಿ ಪಾಟರ್ ಕಥೆಯೇ ಹೊಸದಾಗಿ ಧಾರಾವಾಹಿಯಾಗುತ್ತಿದೆ. ಇನ್ನು ಇದು ಯಾರಿಗೆ ಬೇಕು?

ಪುಸ್ತಕಗಳನ್ನು ಆಧರಿಸಿದ ಹೊಸ ಧಾರಾವಾಹಿಯನ್ನು 2023ರ ಏಪ್ರಿಲ್‌ನಲ್ಲಿ ಘೋಷಿಸಲಾಯಿತು. 2025ರಲ್ಲಿ ಚಿತ್ರೀಕರಣ ಆರಂಭವಾಯಿತು. ನಿರ್ಮಾಣ ಸಂಸ್ಥೆಯ ಗಮನವೂ ಹಣವೂ ಅತ್ತ ಹರಿಯುವುದು ಸಹಜ. ನ್ಯೂಟ್‌ನ ಕಥೆ ಸದ್ಯಕ್ಕೆ ಹಿಂದೆ ಸರಿಯಲು ಇದೂ ಒಂದು ಕಾರಣವಿರಬಹುದು. ಆದರೆ ಹೇಳಿ ಮುಗಿದ ಕಥೆಯನ್ನು ಇನ್ನೊಮ್ಮೆ ಹೇಳಲು ವರ್ಷಗಳಿವೆ, ಅರ್ಧಕ್ಕೆ ನಿಂತ ಕಥೆಗೆ ಎರಡೂವರೆ ತಾಸು ಇಲ್ಲ ಎಂಬುದು ನನ್ನ ಮನಸ್ಸಿಗೆ ಹಿತವಾಗುವುದಿಲ್ಲ.

ಚಿತ್ರ ಆಗದಿದ್ದರೆ ಪುಸ್ತಕವಾಗಿ ಬಂದರೂ ಸಾಕೇ?

ನನಗೆ ಸಾಕು. ಮೂರೂ ಚಿತ್ರಕಥೆಗಳು ಪುಸ್ತಕವಾಗಿ ಪ್ರಕಟವಾಗಿವೆ; ನಾಲ್ಕನೆಯದು ಪುಸ್ತಕವಾಗಿ ಮಾತ್ರ ಬಂದರೆ ವೇಷಭೂಷಣವಿಲ್ಲದ ತಾಳಮದ್ದಳೆಯಂತೆ ಅದನ್ನು ಸ್ವೀಕರಿಸುತ್ತೇನೆ. ಮಾತು ಗಟ್ಟಿಯಾಗಿದ್ದರೆ ರಂಗ ನಮ್ಮ ಮನಸ್ಸಿನಲ್ಲಿಯೇ ಕಟ್ಟಿಕೊಳ್ಳುತ್ತದೆ. ಬಳಗದ ಕಿರಿಯರು ಮಾತ್ರ ಇದಕ್ಕೆ ಸುತರಾಂ ಒಪ್ಪುವುದಿಲ್ಲ. ಜೂಡ್ ಲಾ ಮತ್ತು ಮಿಕೆಲ್ಸನ್ ಎದುರುಬದುರು ನಿಲ್ಲುವುದನ್ನು ಕಣ್ಣಾರೆ ಕಾಣಬೇಕು ಎಂಬುದು ಅವರ ಹಟ.

ಹೊಸದಾಗಿ ನೋಡುವವರು ಯಾವ ಕ್ರಮದಲ್ಲಿ ನೋಡಬೇಕು?

ಹ್ಯಾರಿ ಪಾಟರ್‌ನ ಏಳೂ ಪುಸ್ತಕಗಳನ್ನು ಮೊದಲು ಓದಿ, ಆಮೇಲೆ ಈ ಮೂರನ್ನು ಬಂದ ಕ್ರಮದಲ್ಲಿಯೇ ನೋಡಿ. ಎರಡನೆಯದನ್ನು ಬಿಟ್ಟುಬಿಡಿ ಎನ್ನುವವರಿದ್ದಾರೆ. ಬಿಡಬೇಡಿ, ನ್ಯೂಟ್‌ನ ಶಾಲಾದಿನಗಳ ಗೆಳತಿ ಲೀಟಾ ಲೆಸ್ಟ್ರೇಂಜ್‌ಳ ಕೊನೆಯ ಕೆಲವು ನಿಮಿಷಗಳಿಗಾಗಿಯಾದರೂ ಅದನ್ನು ನೋಡಬೇಕು. ಮೂರನೆಯದು ಮುಗಿದ ಮೇಲೆ ಕೊನೆಯ ಪುಸ್ತಕವನ್ನು ತೆಗೆದು, ಡಂಬಲ್‌ಡೋರ್‌ನ ಬಾಲ್ಯವನ್ನು ಕುರಿತ ಅಧ್ಯಾಯಗಳನ್ನು ಮತ್ತೊಮ್ಮೆ ಓದಿ. ಕಳೆದ ಮಳೆಗಾಲದಲ್ಲಿ ನಮ್ಮ ಬಳಗ ಹೀಗೆಯೇ ಮಾಡಿತು. ನಡುವೆ ಕರೆಂಟು ಹೋದಾಗ ಉಳಿದ ಪುಟಗಳನ್ನು ದೀಪದ ಬೆಳಕಿನಲ್ಲಿ ಒಬ್ಬರು ಗಟ್ಟಿಯಾಗಿ ಓದಿದರು, ಮುದುಕನಾದ ಗ್ರಿಂಡೆಲ್‌ವಾಲ್ಡ್ ತನ್ನ ಕೊನೆಯ ಗಳಿಗೆಯಲ್ಲಿ ಮಂತ್ರದಂಡದ ಗುಟ್ಟನ್ನು ಬಿಟ್ಟುಕೊಡದೆ ಸಾಯುವವರೆಗೆ.